ನಡುರಾತ್ರಿಯ ಸರದಿ

ಸಿರುಗುಪ್ಪದಿಂದ ಸಿಂಧನೂರಿಗೆ ಹೋಗುವ ಹೆದ್ದಾರಿ ತುಂಗಭದ್ರೆಯನ್ನು ದಾಟುವ ಕಡೆ, ಹೊಳೆಯ ಎಡದಂಡೆಯ ಮೇಲೆ ದಢೇಸುಗೂರು ಎಂಬ ಊರಿದೆ. ಸೇತುವೆಯ ಆಚೆಗೆ ಬಳ್ಳಾರಿ ಜಿಲ್ಲೆ, ಈಚೆಗೆ ರಾಯಚೂರು ಜಿಲ್ಲೆ. ಭತ್ತ ಬೆಳೆಯುವವರಿಗೆ ಈ ಹೆಸರು ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದಿಂದಾಗಿ ಪರಿಚಿತ. ಉಳಿದವರಿಗೆ ಇದು ಬಸ್ಸಿನ ಕಿಟಕಿಯಲ್ಲಿ ಕಂಡು ಮರೆಯಾಗುವ ಒಂದು ಫಲಕ ಮಾತ್ರ. ಹಗಲಿನಲ್ಲಿ ಈ ಹಾದಿಯನ್ನು ಹಿಡಿದವರ ಕಣ್ಣಿಗೆ ಬೀಳುವುದು ದಿಗಂತದವರೆಗೆ ಹರಡಿದ ಹಸುರು, ನಡುನಡುವೆ ಅಕ್ಕಿ ಗಿರಣಿಗಳ ಹೊಗೆಗೊಳವೆ. ಆದರೆ ಈ ಸೀಮೆಯ ಬೇಸಾಯದ ಒಂದು ಮುಖ್ಯವಾದ ಅಂಕ ಬಹುಕಾಲ ನಡೆದುಬಂದದ್ದು ಹಗಲಿನಲ್ಲಲ್ಲ, ನಡುರಾತ್ರಿಯಲ್ಲಿ.

ಗಂಟೆ ಹನ್ನೊಂದು ಹೊಡೆದಿರುತ್ತದೆ. ಊರು ಮಲಗಿದೆ. ಮಗ ಅಂಗಳದಲ್ಲಿ ನಿಂತು ಕೂಗುತ್ತಾನೆ: “ಯಪ್ಪಾ, ತ್ರೀ ಫೇಸ್ ಬಂತು, ಏಳು!” ತಂದೆ ಹೆಗಲಿಗೆ ಟವೆಲು ಹಾಕಿಕೊಂಡು, ಒಂದು ಕೈಯಲ್ಲಿ ಬ್ಯಾಟರಿ, ಮತ್ತೊಂದು ಕೈಯಲ್ಲಿ ಸನಿಕೆ ಹಿಡಿದು ಹೊಲದ ದಾರಿ ಹಿಡಿಯುತ್ತಾನೆ. ಬದುವಿನ ಮೇಲೆ ಕಾಲಿಡುವ ಮೊದಲು ನೆಲವನ್ನು ಒಮ್ಮೆ ಕುಟ್ಟುತ್ತಾನೆ. ನೀರು ಕುಡಿದ ಗದ್ದೆಯಲ್ಲಿ ಕಪ್ಪೆ ಇರುತ್ತದೆ, ಕಪ್ಪೆ ಇರುವಲ್ಲಿ ಹಾವೂ ಇರುತ್ತದೆ. ಮೋಟಾರಿನ ಪೆಟ್ಟಿಗೆಯ ಗುಂಡಿಯನ್ನು ಅದುಮಿ, ನೀರು ಬಿದ್ದ ಸದ್ದನ್ನು ಕೇಳಿ, ಒಂದು ಮಡಿಯಿಂದ ಇನ್ನೊಂದು ಮಡಿಗೆ ಬಾಯಿ ಕಟ್ಟುತ್ತ ಬಿಚ್ಚುತ್ತ ಬೆಳಗಿನ ಜಾವದವರೆಗೆ ಅಲ್ಲೇ ಕಳೆಯುತ್ತಾನೆ. ಕರ್ನಾಟಕದಲ್ಲಿ ಪಂಪುಸೆಟ್ಟು ಇರುವ ಯಾವ ಊರಿನಲ್ಲಿಯಾದರೂ ಈ ಚಿತ್ರ ಹೊಸದಲ್ಲ.

ಪಟ್ಟಣದ ಓದುಗರಿಗೆ ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸೂರ್ಯನ ಬೆಳಕಿನಲ್ಲಿ ಮಾಡಬಹುದಾದ ಕೆಲಸವನ್ನು ರೈತನೇಕೆ ಕತ್ತಲೆಯಲ್ಲಿ ಮಾಡಬೇಕು? ಇದಕ್ಕೆ ಉತ್ತರವನ್ನು ಅರಸುತ್ತ ಹೋದರೆ, ಪಟ್ಟಣದ ಮನೆಗೆ ತಿಂಗಳು ತಿಂಗಳು ಬರುವ ವಿದ್ಯುತ್ ಬಿಲ್ಲಿನ ಬಾಗಿಲಿಗೇ ಬಂದು ನಿಲ್ಲಬೇಕಾಗುತ್ತದೆ.

ಕೂಡಿಡಲಾಗದ ಸರಕು

ದಢೇಸುಗೂರಿನ ಮೇಲುಗಡೆ, ಹೊಸಪೇಟೆಯ ಬಳಿ, ತುಂಗಭದ್ರಾ ಜಲಾಶಯವಿದೆ. 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಹೊಟ್ಟೆ 133 ಟಿ.ಎಂ.ಸಿ. ಅಡಿಯಷ್ಟು ದೊಡ್ಡದಾಗಿತ್ತು, ಏಳು ದಶಕಗಳ ಹೂಳು ತುಂಬಿ ಈಗ 105ಕ್ಕೆ ಇಳಿದಿದೆ. ಹೇಗಾದರೂ ಆಗಲಿ, ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಬಿಡಬಹುದು. ವಿದ್ಯುಚ್ಛಕ್ತಿಗೆ ಇಂಥ ಜಲಾಶಯವಿಲ್ಲ. ತಂತಿಯಲ್ಲಿ ಹರಿಯುವ ಶಕ್ತಿ ಹುಟ್ಟಿದ ಕ್ಷಣದಲ್ಲಿಯೇ ಎಲ್ಲಿಯಾದರೂ ಒಂದು ದೀಪವಾಗಿ, ಒಂದು ಮೋಟಾರಾಗಿ ತೀರಿಹೋಗಬೇಕು. ಹುಟ್ಟು ಹೆಚ್ಚಾದರೂ ಅಪಾಯ, ಬೇಡಿಕೆ ಹೆಚ್ಚಾದರೂ ಅಪಾಯ. ಬ್ಯಾಟರಿಗಳುಂಟು, ಅವುಗಳ ಬೆಲೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ನಿಜ. ಆದರೆ ಇಡೀ ನಾಡನ್ನು ಒಂದು ರಾತ್ರಿ ನಡೆಸುವಷ್ಟು ಬ್ಯಾಟರಿ ಕೂಡಿಬರುವ ದಿನ ಇನ್ನೂ ದೂರವಿದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಂದಿನಿಂದ ಬಹುಕಾಲದವರೆಗೆ ಕನ್ನಡನಾಡಿನ ವಿದ್ಯುತ್ತೆಂದರೆ ನೀರಿನ ವಿದ್ಯುತ್ತೇ ಆಗಿತ್ತು. ನೀರಿನ ಯಂತ್ರ ಸ್ವಭಾವದಲ್ಲಿ ಸೌಮ್ಯವಾದುದು. ಬಾಗಿಲು ತೆರೆದರೆ ತಿರುಗುತ್ತದೆ, ಮುಚ್ಚಿದರೆ ನಿಲ್ಲುತ್ತದೆ. 1985ರಲ್ಲಿ ರಾಯಚೂರಿನ ಬಳಿ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಉರಿಯತೊಡಗಿತು. ಈಗ ಅಲ್ಲಿ ಎಂಟು ಘಟಕಗಳು, ಒಟ್ಟು 1,720 ಮೆಗಾವ್ಯಾಟ್ ಸಾಮರ್ಥ್ಯ. ಕಲ್ಲಿದ್ದಲಿನ ಒಲೆಯ ಸ್ವಭಾವ ಬೇರೆ. ಅದನ್ನು ಹೊತ್ತಿಸಲು ಗಂಟೆಗಟ್ಟಲೆ ಕಾಲ ಬೇಕು, ಎಣ್ಣೆ ಸುರಿಯಬೇಕು. ಹೊತ್ತಿಸಿದ ಮೇಲೆ ಅರ್ಧಕ್ಕಿಂತ ಬಹಳ ಕೆಳಗೆ ಇಳಿಸುವಂತಿಲ್ಲ. ಸಂಜೆ ಬೇಕಾಗುವುದೆಂದು ಉರಿಸಿದ ಒಲೆ, ಪಟ್ಟಣಗಳು ಮಲಗಿದ ಮೇಲೂ ಉರಿಯುತ್ತಲೇ ಇರಬೇಕು. ಹಾಗಾದರೆ ರಾತ್ರಿ ಹುಟ್ಟುವ ಆ ಶಕ್ತಿಯನ್ನು ಯಾರು ಉಣ್ಣಬೇಕು?

ಉತ್ತರ ಸುಲಭವಾಗಿತ್ತು: ರೈತ. ರಾಜ್ಯದಲ್ಲಿರುವ ಪಂಪುಸೆಟ್ಟುಗಳು ಮೂವತ್ತು ಲಕ್ಷಕ್ಕೂ ಮಿಗಿಲು. ರಾಜ್ಯದ ವಿದ್ಯುತ್ತಿನಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ಕುಡಿಯುವವು ಇವೇ. ದೀಪವನ್ನು ಸಂಜೆಯೇ ಹೊತ್ತಿಸಬೇಕು, ಆದರೆ ಗದ್ದೆಯ ನೀರು ಹಗಲಾದರೇನು, ಇರುಳಾದರೇನು? ಆದಕಾರಣ ಪಂಪುಗಳಿಗೆ ತ್ರೀ ಫೇಸ್ ವಿದ್ಯುತ್ತು ಸರದಿಯ ಮೇಲೆ ಬಂದಿತು. ಒಂದು ವಾರ ಹಗಲು, ಒಂದು ವಾರ ರಾತ್ರಿ. ಹಗಲೆಂದರೂ ಅದು ನೆಚ್ಚುವಂತಿರಲಿಲ್ಲ. ಕಾಲುವೆಯಲ್ಲಿ ವಾರಾಬಂದಿ ಎಂಬ ನೀರಿನ ಸರದಿಯನ್ನು ಕಂಡ ತುಂಗಭದ್ರೆಯ ಜನಕ್ಕೆ ಇದು ಅರ್ಥವಾಗದ ಸಂಗತಿಯೇನಲ್ಲ. ಬೇಡಿಕೆಗೆ ತಕ್ಕಂತೆ ಶಕ್ತಿಯನ್ನು ಹುಟ್ಟಿಸುವ ಬದಲು, ಶಕ್ತಿ ಹುಟ್ಟಿದಾಗ ಬೇಡಿಕೆಯನ್ನು ಅತ್ತ ಸರಿಸುವುದು: ಇಂದಿನ ತಜ್ಞರು ಹೊಸ ಹೆಸರಿಟ್ಟು ಹೇಳುತ್ತಿರುವ ಈ ಉಪಾಯವನ್ನು ರಾಯಚೂರು ಜಿಲ್ಲೆಯ ರೈತ ದಶಕಗಳಿಂದ ನಡೆಸಿಕೊಂಡು ಬಂದಿದ್ದಾನೆ. ವ್ಯತ್ಯಾಸವಿಷ್ಟೇ: ಅವನನ್ನು ಯಾರೂ ಕೇಳಲಿಲ್ಲ.

ರಾತ್ರಿಯ ಬೆಲೆ

ಕೇಳದೆ ಹೊರಿಸಿದ ಸರದಿಗೆ ರೈತನೂ ತನ್ನದೇ ಆದ ಮದ್ದನ್ನು ಹುಡುಕಿಕೊಂಡನು. ಅದರ ಹೆಸರು ಆಟೋ ಸ್ಟಾರ್ಟರು. ವಿದ್ಯುತ್ತು ಬಂದೊಡನೆ ಮೋಟಾರು ತಾನಾಗಿ ಎದ್ದು ತಿರುಗುತ್ತದೆ, ಹೋದೊಡನೆ ನಿಲ್ಲುತ್ತದೆ. ಯಜಮಾನ ಮನೆಯಲ್ಲಿ ನಿದ್ರೆ ಮಾಡಬಹುದು. ಹಾವಿನ ಭಯವಿಲ್ಲ, ಚಳಿಯಿಲ್ಲ. ಇದನ್ನು ತಪ್ಪೆನ್ನುವವರು ಒಂದು ವಾರ ನಡುರಾತ್ರಿಯಲ್ಲಿ ಬದುವಿನ ಮೇಲೆ ನಡೆದು ನೋಡಬೇಕು.

ಆದರೆ ಪರಿಣಾಮ ಒಳ್ಳೆಯದಾಗಲಿಲ್ಲ. ಸರದಿಯ ಗಂಟೆ ಬಂದೊಡನೆ ಒಂದು ಮಾರ್ಗದ ಪಂಪುಗಳೆಲ್ಲ ಒಂದೇ ಉಸಿರಿನಲ್ಲಿ ಏಳುತ್ತವೆ. ನಿಂತ ಮೋಟಾರು ಏಳುವಾಗ ತಿರುಗುವಾಗಿಗಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಎಲ್ಲವೂ ಕೂಡಿ ಎಳೆದಾಗ ವೋಲ್ಟೇಜು ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಮೋಟಾರಿನ ಸುರುಳಿ ಕಾಯುತ್ತದೆ. ಮೋಟಾರು ಸುಟ್ಟರೆ ಪೇಟೆಗೆ ಹೊತ್ತೊಯ್ದು ವೈಂಡಿಂಗು ಮಾಡಿಸಬೇಕು. ಊರವರು ಟಿ.ಸಿ. ಎಂದು ಕರೆಯುವ ಪರಿವರ್ತಕವೇ ಸುಟ್ಟಿತೆಂದರೆ, ಹೊಸದು ಬರುವವರೆಗೆ ಹತ್ತಾರು ಹೊಲಗಳು ಒಣಗುತ್ತವೆ. ಇತ್ತ ಯಜಮಾನನಿಲ್ಲದ ಗದ್ದೆಯಲ್ಲಿ ನೀರು ತುಂಬಿ, ಬದು ಮೀರಿ, ಕಾಲುದಾರಿಯ ಮೇಲೆ ಹರಿದುಹೋಗುತ್ತಿರುತ್ತದೆ.

ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ 2008ರಿಂದ ವಿದ್ಯುತ್ತು ಉಚಿತ. ಹೀಗಾಗಿ ಹರಿದುಹೋದ ಆ ನೀರಿಗೆ ರೈತ ಹಣ ತೆರುವುದಿಲ್ಲ. ಆದರೆ ತೆರುವವರು ಒಬ್ಬರಿರಲೇಬೇಕಲ್ಲ? ಐದು ಅಶ್ವಶಕ್ತಿಯ ಪಂಪು ಗಂಟೆಗೆ ನಾಲ್ಕು ಯೂನಿಟ್ಟಿಗೂ ಹೆಚ್ಚು ತಿನ್ನುತ್ತದೆ. ಏಳು ಗಂಟೆ ತಿರುಗಿದರೆ ಸುಮಾರು 30 ಯೂನಿಟ್ಟು. ಒಂದು ವಾರ ತಿರುಗಿದರೆ, ಪಟ್ಟಣದ ಒಂದು ಮಧ್ಯಮ ಸಂಸಾರ ತಿಂಗಳೆಲ್ಲ ಉರಿಸುವಷ್ಟಾಯಿತು. ಈ ಲೆಕ್ಕವನ್ನು ಮೂವತ್ತು ಲಕ್ಷದ ಮೇಲೆ ಹರಡಿ ಸರ್ಕಾರ ವರ್ಷಕ್ಕೆ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡುವ ಹಣ ಹತ್ತು ಸಾವಿರ ಕೋಟಿ ರೂಪಾಯಿಗಳನ್ನು ಮೀರುತ್ತದೆ. ಅದು ತೆರಿಗೆಯ ಹಣ. ಎಂದರೆ ಬೆಂಗಳೂರಿನ ಗುಮಾಸ್ತರದೂ ಹೌದು, ಬೆಂಕಿಪೊಟ್ಟಣ ಕೊಳ್ಳುವ ರೈತನದೂ ಹೌದು.

ಸಂಜೆ ಏಳರ ಯೂನಿಟ್ಟು

ಈಗ ಪಟ್ಟಣದ ಮನೆಯೊಳಕ್ಕೆ ಬರೋಣ. ಸಂಜೆ ಏಳು ಗಂಟೆ. ಮನೆಯೊಡೆಯರು ಕಚೇರಿಯಿಂದ ಬಂದಿದ್ದಾರೆ; ಕೋಣೆ ಕೋಣೆಗೂ ದೀಪ, ಫ್ಯಾನು. ಅಡಿಗೆಮನೆಯಲ್ಲಿ ಮಿಕ್ಸಿ, ಹಾಲಿನಲ್ಲಿ ದೂರದರ್ಶನ, ಮೇಲೆ ಟ್ಯಾಂಕಿಗೆ ನೀರೇರಿಸುವ ಮೋಟಾರು. ಇದೇ ಗಳಿಗೆಯಲ್ಲಿ ನಾಡಿನ ಲಕ್ಷಾಂತರ ಮನೆಗಳಲ್ಲಿಯೂ ಇದೇ ನಡೆದಿರುತ್ತದೆ. ಈ ಮೂರು ನಾಲ್ಕು ಗಂಟೆಗಳ ನೂಕುನುಗ್ಗಲಿಗಾಗಿಯೇ ಎಷ್ಟೋ ಯಂತ್ರಗಳು ದಿನದ ಉಳಿದ ಭಾಗವೆಲ್ಲ ಕೈಕಟ್ಟಿ ಕಾದಿರಬೇಕಾಗುತ್ತದೆ. ಮದುವೆಯ ಒಂದು ದಿನಕ್ಕಾಗಿ ವರ್ಷವೆಲ್ಲ ನೂರು ಎಲೆ ಹಾಕುವಷ್ಟು ದೊಡ್ಡ ಮನೆಯನ್ನು ಬಾಡಿಗೆಗೆ ಹಿಡಿದಂತೆ.

ವಿದ್ಯುತ್ತಿಗೆ ಈಗ ಒಂದು ಸಂತೆಯೂ ಉಂಟು. ಅಲ್ಲಿ ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿಗೂ ಬೇರೆ ಬೇರೆ ಬೆಲೆ ಕಟ್ಟುತ್ತಾರೆ. ಸಂಜೆಯ ತುಂಡು ಅನೇಕ ವೇಳೆ ನಿಯಮದ ಗರಿಷ್ಠ ಮಿತಿಯಾದ ಯೂನಿಟ್ಟಿಗೆ 10 ರೂಪಾಯಿಯನ್ನು ಮುಟ್ಟುತ್ತದೆ. ಅದೇ ದಿನ ಮಧ್ಯಾಹ್ನದ ತುಂಡು 3 ರೂಪಾಯಿಗಿಂತ ಕೆಳಗೆ ಬಿದ್ದಿರುವುದೂ ಉಂಟು. ಇದು ರಾಯಚೂರಿಗೆ ಹೊರಗಿನ ಸಂತೆಯೇನೂ ಅಲ್ಲ. ದಕ್ಷಿಣ ಭಾರತದ ವಿದ್ಯುತ್ ಜಾಲ ಬಹುಕಾಲ ಒಂದು ದ್ವೀಪದಂತೆ ಪ್ರತ್ಯೇಕವಾಗಿತ್ತು. 2013ರ ಡಿಸೆಂಬರ್ 31ರಂದು ಅದನ್ನು ದೇಶದ ಉಳಿದ ಜಾಲದೊಡನೆ ಏಕತಾಳದಲ್ಲಿ ಬೆಸೆದದ್ದು ರಾಯಚೂರು–ಸೊಲ್ಲಾಪುರ ಮಾರ್ಗದ 765 ಕಿಲೋವೋಲ್ಟ್ ತಂತಿಯೇ.

ಮಧ್ಯಾಹ್ನದ ಬೆಲೆ ಇಳಿದುದೇಕೆ? ಇಲ್ಲಿ ಸೂರ್ಯನ ಪ್ರವೇಶವಾಗುತ್ತದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ಬರಕ್ಕೆ ಹೆಸರಾದ ಐದು ಹಳ್ಳಿಗಳ 13,000 ಎಕರೆ ನೆಲದಲ್ಲಿ, 2018ರ ಮಾರ್ಚಿನಲ್ಲಿ ಒಂದು ಸೌರ ಉದ್ಯಾನ ಉದ್ಘಾಟನೆಗೊಂಡಿತು. ಮರುವರ್ಷದ ಕೊನೆಗೆ 2,050 ಮೆಗಾವ್ಯಾಟಿಗೆ ಬೆಳೆಯಿತು. ನೆಲವನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರಿಂದಲೇ ಗುತ್ತಿಗೆಗೆ ಪಡೆದುದು ಅಲ್ಲಿಯ ವಿಶೇಷ. ಮಳೆ ಕೊಡದ ಆಕಾಶ ಬಿಸಿಲನ್ನಾದರೂ ಧಾರಾಳವಾಗಿ ಕೊಟ್ಟಿತು. ನೆಲವಿಲ್ಲದ ಕೂಲಿಯವನಿಗೆ ಈ ಗುತ್ತಿಗೆಯಿಂದ ಏನೂ ದೊರೆಯಲಿಲ್ಲವೆಂಬ ಮಾತನ್ನೂ ಮರೆಯುವಂತಿಲ್ಲ. ಬಡಗಣ ಕರ್ನಾಟಕದ ಬಯಲುಗಳಲ್ಲಿಯೂ ಇಂಥ ಫಲಕಗಳು ಸಾಲುಗಟ್ಟಿದವು, ಚಿತ್ರದುರ್ಗ ಗದಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಮೊದಲೇ ಇದ್ದವು.

ಇದರಿಂದ ಗಡಿಯಾರವೇ ತಿರುಗಿ ನಿಂತಿತು. ಹಿಂದೆ ಅಗ್ಗವಾಗಿದ್ದುದು ರಾತ್ರಿ. ದೊಡ್ಡ ಕಾರ್ಖಾನೆಗಳಿಗೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಳಸಿದ ಯೂನಿಟ್ಟಿಗೆ ಒಂದು ರೂಪಾಯಿ ರಿಯಾಯಿತಿ ಕೊಡುತ್ತಿದ್ದುದೂ ಇದೇ ಲೆಕ್ಕದಿಂದ. ಈಗ ಅಗ್ಗವಾದುದು ನಡುಹಗಲು. ಹಾಗಿದ್ದ ಮೇಲೆ ರೈತನನ್ನು ನಡುರಾತ್ರಿಯಲ್ಲಿ ಎಬ್ಬಿಸುವುದಕ್ಕೆ ಕಾರಣವೇ ಉಳಿಯಲಿಲ್ಲ! 2010ರ ಸುಮಾರಿನಿಂದ ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ತಂತಿಯನ್ನೂ ಹೊಲದ ತಂತಿಯನ್ನೂ ಬೇರ್ಪಡಿಸಿದ್ದು ಇಲ್ಲಿ ನೆರವಿಗೆ ಬಂದಿತು; ಮನೆಯ ದೀಪವನ್ನು ಮುಟ್ಟದೆ ಪಂಪುಗಳ ಸರದಿಯನ್ನು ಮಾತ್ರ ಹಗಲಿಗೆ ಸರಿಸಬಹುದಾಯಿತು. ಹಾಗೆ ಸರಿಸುತ್ತ ಬಂದುದರಿಂದ ರಾಜ್ಯದ ಬೇಡಿಕೆಯ ಶಿಖರ ಸಂಜೆಯನ್ನು ಬಿಟ್ಟು ಹಗಲಿಗೆ ಏರಿದೆ. 2025ರ ಬೇಸಗೆಯಲ್ಲಿ ಆ ಶಿಖರ 18,000 ಮೆಗಾವ್ಯಾಟನ್ನು ದಾಟಿತು. ಹಗಲಿನಲ್ಲಿ ಪಂಪುಗಳು ಬಿಸಿಲಿನ ಶಕ್ತಿಯನ್ನು ಕುಡಿಯುವಾಗ ಶರಾವತಿ, ವಾರಾಹಿಗಳ ನೀರಿನ ಯಂತ್ರಗಳನ್ನು ಬೇಕಾದಂತೆ ಕೆಳಗಿಳಿಸಿ, ಉಳಿದ ನೀರನ್ನು ಸಂಜೆಗೆ ಮೀಸಲಿಡಬಹುದು.

ಎಲ್ಲ ಕಡೆ ಹೀಗೆ ಸುಸೂತ್ರವಾಗಿ ನಡೆಯಿತೆಂದು ತಿಳಿಯಬಾರದು. 2023ರಲ್ಲಿ ಮುಂಗಾರು ಕೈಕೊಟ್ಟಿತು. ತುಂಗಭದ್ರಾ ಜಲಾಶಯ ತುಂಬಲಿಲ್ಲ. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಕಾಲುವೆಯಲ್ಲಿ ನೀರಿಲ್ಲದಾಗ ಎಲ್ಲರೂ ಪಂಪಿನತ್ತ ತಿರುಗುವರು. ಅಕ್ಟೋಬರಿನಲ್ಲಿಯೇ ಬೇಸಗೆಯ ಬೇಡಿಕೆ ಬಂದಿತು. ನೀರಿನ ಯಂತ್ರಗಳಿಗೆ ನೀರಿರಲಿಲ್ಲ. ರಾಜ್ಯದೊಳಗಿನ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಸರ್ಕಾರ ವಿದ್ಯುತ್ ಕಾಯಿದೆಯ 11ನೆಯ ಕಲಮಿನಂತೆ ಆಜ್ಞೆ ಹೊರಡಿಸಿತು. ಪಂಪುಗಳ ಪಾಲು ಏಳು ಗಂಟೆಗಳಿಂದ ಐದಕ್ಕೆ ಇಳಿಯಿತು. ತೆನೆ ಹಾಲುಗಟ್ಟುವ ಹೊತ್ತಿನಲ್ಲಿ ಎರಡು ಗಂಟೆಯ ನೀರು ತಪ್ಪುವುದೆಂದರೇನೆಂಬುದು ಭತ್ತ ಬೆಳೆದವರಿಗೇ ಗೊತ್ತು. ರೈತರು ಬೀದಿಗಿಳಿದ ಮೇಲೆ ರಾಯಚೂರು, ಕೊಪ್ಪಳ, ಬಳ್ಳಾರಿ, ಯಾದಗಿರಿ ಜಿಲ್ಲೆಗಳಿಗೆ ಮತ್ತೆ ಏಳು ಗಂಟೆ ಕೊಡಬೇಕಾಯಿತು. ಬಿಸಿಲಿಗೆ ಬರವಿಲ್ಲ, ಸರಿ. ಆದರೆ ಸೂರ್ಯ ಮುಳುಗಿದ ಮೇಲಿನ ನಾಲ್ಕು ಗಂಟೆಗಳಿಗೆ ನೀರು ಅಥವಾ ಕಲ್ಲಿದ್ದಲು ಬೇಕೇ ಬೇಕೆಂಬುದನ್ನು ಆ ವರ್ಷ ತೋರಿಸಿತು. ಕೆಳಗಿನ ನೀರನ್ನು ಹಗಲಿನ ಅಗ್ಗದ ವಿದ್ಯುತ್ತಿನಿಂದ ಮೇಲಕ್ಕೆತ್ತಿ, ಸಂಜೆ ಮತ್ತೆ ಕೆಳಕ್ಕೆ ಬಿಡುವ 2,000 ಮೆಗಾವ್ಯಾಟಿನ ಯೋಜನೆಯೊಂದು ಶರಾವತಿ ಕಣಿವೆಗೆ ಸಿದ್ಧವಾಗಿದೆಯಾದರೂ, ಸಿಂಗಳೀಕಗಳ ಕಾಡಿಗೆ ಅದರಿಂದ ಆಗುವ ಹಾನಿಯನ್ನು ಎತ್ತಿ ಹೇಳುವವರ ವಿರೋಧವೂ ಅಷ್ಟೇ ಬಲವಾಗಿದೆ. ಅದು ಬೇರೆಯೇ ಒಂದು ಲೇಖನಕ್ಕೆ ವಸ್ತು.

ಗಂಟೆ ತಿಳಿಯದ ಮೀಟರು

ಕಾಡನ್ನು ಮುಳುಗಿಸದೆ, ಬ್ಯಾಟರಿಯನ್ನು ಕೊಳ್ಳದೆ ಸಂಜೆಯ ಹೊರೆಯನ್ನು ಇಳಿಸುವ ದಾರಿಯೊಂದಿದೆ. ಸಂಜೆಯೇ ಆಗಬೇಕಾಗಿಲ್ಲದ ಕೆಲಸವನ್ನು ಸಂಜೆ ಮಾಡದಿರುವುದು. ಫ್ರಾನ್ಸ್ ದೇಶದಲ್ಲಿ ಬಚ್ಚಲಿನ ನೀರನ್ನು ಅಗ್ಗದ ರಾತ್ರಿಯ ವಿದ್ಯುತ್ತಿನಿಂದ ಕಾಯಿಸಿಟ್ಟುಕೊಳ್ಳುವ ಪದ್ಧತಿ ದಶಕಗಳಷ್ಟು ಹಳೆಯದು. 2025ರ ನವೆಂಬರಿನಿಂದ ಅಲ್ಲಿಯವರು ಆ ಅಗ್ಗದ ಗಂಟೆಗಳಲ್ಲಿ ಕೆಲವನ್ನು ಹಂತಹಂತವಾಗಿ ಮಧ್ಯಾಹ್ನಕ್ಕೆ ವರ್ಗಾಯಿಸತೊಡಗಿದರು. ಕಾರಣ ಅಲ್ಲಿಯೂ ಸೂರ್ಯನೇ.

ಭಾರತದಲ್ಲಿಯೂ 2023ರ ಜೂನಿನಲ್ಲಿ ಕೇಂದ್ರ ಸರ್ಕಾರ ಇದೇ ಬಗೆಯ ನಿಯಮವನ್ನು ಮಾಡಿತು: ಬಿಸಿಲಿನ ಗಂಟೆಗಳಲ್ಲಿ ದರ ಸಾಮಾನ್ಯಕ್ಕಿಂತ ಶೇಕಡಾ 20ರಷ್ಟಾದರೂ ಕಡಿಮೆ ಇರಬೇಕು, ನೂಕುನುಗ್ಗಲಿನ ಗಂಟೆಗಳಲ್ಲಿ ಮನೆಗಳಿಗೆ ಶೇಕಡಾ 10ರಷ್ಟು, ಕಾರ್ಖಾನೆ ಅಂಗಡಿಗಳಿಗೆ ಶೇಕಡಾ 20ರಷ್ಟು ಹೆಚ್ಚಿರಬೇಕು. ಕೃಷಿಗೆ ಇದರಿಂದ ವಿನಾಯಿತಿ. ದೊಡ್ಡ ಬಳಕೆಯ ಕಾರ್ಖಾನೆ ಅಂಗಡಿಗಳಿಗೆ 2024ರ ಏಪ್ರಿಲ್, ಉಳಿದವರಿಗೆ 2025ರ ಏಪ್ರಿಲ್ ಗಡುವಾಗಿತ್ತು. ಆದರೆ ಬಹುಪಾಲು ಮನೆಗಳ ಗೋಡೆಯ ಮೇಲಿರುವ ಮೀಟರಿಗೆ ಎಣಿಸಲು ಬರುತ್ತದೆಯೇ ಹೊರತು ಗಂಟೆ ನೋಡಲು ಬರುವುದಿಲ್ಲ. ಮಧ್ಯಾಹ್ನದ ಯೂನಿಟ್ಟೂ ಅದಕ್ಕೆ ಒಂದೇ, ಸಂಜೆಯ ಯೂನಿಟ್ಟೂ ಒಂದೇ. ಗಡಿಯಾರವುಳ್ಳ ಮೀಟರು ಬರುವವರೆಗೆ ಮನೆಯವರ ಪಾಲಿಗೆ ಈ ರಿಯಾಯಿತಿ ಕಾಗದದ ಮೇಲಿನ ಸಕ್ಕರೆ.

ಇನ್ನೊಂದು ತೊಡಕೂ ಇದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಿಂದ ತಿಂಗಳಿಗೆ 200 ಯೂನಿಟ್ಟಿನೊಳಗಿನ, ತಮ್ಮ ಹಿಂದಿನ ಸರಾಸರಿಯನ್ನು ಹೆಚ್ಚು ಮೀರದ ಸಂಸಾರಗಳಿಗೆ ಬಿಲ್ಲೇ ಇಲ್ಲ. ಬಡ ಮನೆಗೆ ಇದು ದೊಡ್ಡ ನೆಮ್ಮದಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಲ್ಲೇ ಬಾರದ ಮನೆಯಲ್ಲಿ “ರೀ, ಮೋಟಾರು ಈಗ ಬೇಡ, ಮಧ್ಯಾಹ್ನ ಹಾಕೋಣ” ಎಂದು ಗೃಹಿಣಿ ಏಕೆ ಹೇಳಿಯಾಳು? ಉಚಿತದ ಪಂಪಿನಲ್ಲಿ ಕಂಡ ತೊಂದರೆಯೇ ಇಲ್ಲಿಯೂ ಕಾಣುತ್ತದೆ.

ಹಾಗೆಂದು ಪಟ್ಟಣದ ಸಂಸಾರ ಏನನ್ನೂ ಮಾಡಲಾರದೆಂದಲ್ಲ. ಗೊತ್ತಿಲ್ಲದೆಯೇ ಒಂದು ದೊಡ್ಡ ಕೆಲಸವನ್ನು ಅದು ಆಗಲೇ ಮಾಡಿದೆ. 2007ರಿಂದ ಕರ್ನಾಟಕದ ಹೊಸ ಮನೆಗಳಿಗೆ ಸೌರ ನೀರೊಲೆ ಕಡ್ಡಾಯವಾಯಿತು. ಹಾಕಿಸಿಕೊಂಡವರಿಗೆ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿಯವರೆಗೆ ರಿಯಾಯಿತಿಯೂ ದೊರೆಯುತ್ತಿತ್ತು. ಎರಡು ಕಿಲೋವ್ಯಾಟಿನ ಗೀಸರು ಒಂದು ಗಂಟೆ ಉರಿದರೆ ಎರಡು ಯೂನಿಟ್ಟು. ಬೆಂಗಳೂರಿನ ಮಾಳಿಗೆಗಳ ಮೇಲಿರುವ ಅಸಂಖ್ಯ ನೀರಿನ ಡ್ರಮ್ಮುಗಳು ಹಗಲಿನ ಬಿಸಿಲನ್ನು ಮರುದಿನ ಬೆಳಗಿನ ಸ್ನಾನಕ್ಕೆ ಎತ್ತಿಟ್ಟು ಕೊಡುತ್ತವೆ. ಇದಕ್ಕಿಂತ ಅಗ್ಗದ ಬ್ಯಾಟರಿ ಬೇರೆ ಯಾವುದಿದೆ? ಅದರ ಪಕ್ಕದಲ್ಲಿ ವಿದ್ಯುತ್ ಫಲಕವನ್ನೂ ಇಡಿಸಬಯಸುವವರಿಗೆ 2024ರ ಫೆಬ್ರವರಿಯಲ್ಲಿ ಪ್ರಾರಂಭವಾದ ಕೇಂದ್ರದ ಸೂರ್ಯಘರ್ ಯೋಜನೆ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರಕ್ಕೂ ಅದಕ್ಕಿಂತ ಹೆಚ್ಚಿನದಕ್ಕೂ 78,000 ರೂಪಾಯಿ ಸಹಾಯಧನವನ್ನು ಗೊತ್ತುಮಾಡಿತು. ಒಂದು ಕಿಲೋವ್ಯಾಟಿನ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಕೊಡುತ್ತದೆ. ಮೂರು ಕಿಲೋವ್ಯಾಟಿದ್ದರೆ ಒಂದು ಮಧ್ಯಮ ಸಂಸಾರದ ತಿಂಗಳ ಖರ್ಚು ಬಹುಮಟ್ಟಿಗೆ ಕಳೆದಂತೆ.

ಮತ್ತೆ ಹೊಳೆಯ ದಂಡೆಗೆ

ಅತ್ತ ದಢೇಸುಗೂರಿನ ಸೀಮೆಯಲ್ಲಿ ಪಂಪು ಹಗಲಿಗೆ ಬಂದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಬಿಸಿಲು ಉಚಿತ, ವಿದ್ಯುತ್ತು ಉಚಿತ. ನೀರು ಮಾತ್ರ ಪರಿಮಿತ. ಎಡದಂಡೆಯ ಕಾಲುವೆಯನ್ನು ಯೋಜಿಸಿದವರ ಮನಸ್ಸಿನಲ್ಲಿದ್ದುದು ಬಹುಪಾಲು ಜೋಳ, ಹತ್ತಿಗಳಂಥ ಸ್ವಲ್ಪ ನೀರಿನ ಬೆಳೆ. ಭತ್ತ ಯೋಜನೆಯನ್ನು ಮೀರಿ ಹಬ್ಬಿತು. ಮೇಲಿನವರು ಗದ್ದೆ ತುಂಬಿಸಿಕೊಂಡರೆ ಕಾಲುವೆಯ ಕೆಳಭಾಗದವರಿಗೆ ಮಣ್ಣಿನ ತಳವೇ ಕಾಣುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ಬಾಗಿಲೇ ಕೊಚ್ಚಿಹೋದಾಗ, ಈ ಸೀಮೆಯಲ್ಲಿ ಮನೆಮನೆಯೂ ಎದ್ದು ಕುಳಿತಿತ್ತು. ನೀರಿನ ಮೇಲಿನ ನೆಚ್ಚಿಕೆ ಅಷ್ಟು ಗಾಢವಾದುದು.

ಆದುದರಿಂದ ವಿದ್ಯುತ್ತಿನ ಉಳಿತಾಯ ಇಲ್ಲಿ ಸ್ವಿಚ್ಚಿನ ಬಳಿ ಅಲ್ಲ, ಗದ್ದೆಯಲ್ಲಿ ಆರಂಭವಾಗುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರು ಈ ಭಾಗದಲ್ಲಿ ಪ್ರಚಾರಕ್ಕೆ ತಂದ ಕೂರಿಗೆ ಭತ್ತ ಅಂಥದೊಂದು ಹಾದಿ. ಸಸಿ ಮಡಿಯಿಲ್ಲ, ಕೆಸರು ಹದ ಮಾಡುವುದಿಲ್ಲ, ನಾಟಿಯಿಲ್ಲ. ಒಣನೆಲದಲ್ಲಿ ಜೋಳ ಬಿತ್ತುವಂತೆ ಭತ್ತವನ್ನು ಕೂರಿಗೆಯಿಂದ ಬಿತ್ತುವುದು. ಕೆಸರು ಮಾಡುವ ನೀರು ಉಳಿದರೆ ಅದನ್ನೆತ್ತುವ ವಿದ್ಯುತ್ತೂ ಉಳಿಯಿತು. ಕಳೆಯ ಕಾಟ ಹೆಚ್ಚೆಂಬ ದೂರು ಇದ್ದೇ ಇದೆ. ಅದಕ್ಕೆ ಕೂಲಿಯ, ಔಷಧದ ಖರ್ಚು ಬೀಳುತ್ತದೆ. ಆದರೂ ನೀರು ತಡವಾದ ವರ್ಷಗಳಲ್ಲಿ ಕೆಳಭಾಗದ ರೈತರ ಕಣ್ಣು ಕೂರಿಗೆಯತ್ತ ಹೊರಳುತ್ತದೆ.

ಸುತ್ತಲಿನ ಅಕ್ಕಿ ಗಿರಣಿಗಳ ಕಥೆಯೂ ಹೀಗೆಯೇ. ಕುಸುಬಲಕ್ಕಿ ಬೇಯಿಸುವ ಉಗಿಗೆ ಅವು ಭತ್ತದ ಹೊಟ್ಟನ್ನೇ ಉರಿಸುತ್ತವೆ. ಕಲ್ಲಿದ್ದಲಿನ ಮಾತೇ ಇಲ್ಲ. ಮಿಲ್ಲಿನ ರೋಲರು ತಿರುಗುವ ವೇಳೆಯನ್ನು ಸಂಜೆಯಿಂದ ಹಗಲಿಗೆ ತಂದರೆ ಉಳಿಯುವುದು ಮಾಲೀಕನ ಹಣವೇ. ಇದನ್ನು ವ್ಯಾಪಾರಿಗೆ ಯಾರೂ ಕಲಿಸಬೇಕಾಗಿಲ್ಲ, ದರಪಟ್ಟಿಯೊಂದು ಸಾಕು.

ಹೊಳೆಯಾಚೆ ಸಿರುಗುಪ್ಪ, ದೇಸನೂರು ಕಾಲುವೆಗಳಿವೆ. ವಿಜಯನಗರದ ಅರಸರ ಕಾಲದವು. ಅವುಗಳಲ್ಲಿ ನೀರು ಇಂದಿಗೂ ಯಾವ ಮೋಟಾರಿನ ಹಂಗೂ ಇಲ್ಲದೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಹಗಲೂ ಒಂದೇ, ರಾತ್ರಿಯೂ ಒಂದೇ. ಎತ್ತರದ ನೆಲಕ್ಕೆ ಆ ಭಾಗ್ಯವಿಲ್ಲ. ಅಲ್ಲಿಯ ರೈತ ಕೇಳುವುದು ಇಷ್ಟೇ: ಸರದಿ ಹಗಲಿನದಾಗಿರಲಿ, ಯಾವ ಗಂಟೆಗೆಂಬುದು ಹಿಂದಿನ ದಿನವೇ ತಿಳಿಯಲಿ, ತಿಳಿಸಿದ ಮೇಲೆ ತಪ್ಪದಿರಲಿ. ಸರದಿ ನೆಚ್ಚುವಂತಿದ್ದರೆ ಆಟೋ ಸ್ಟಾರ್ಟರನ್ನು ಅವನೇ ಕಿತ್ತಿಡುತ್ತಾನೆ. ಬೆಳಿಗ್ಗೆ ಹತ್ತಕ್ಕೆ ಮಗ ಶಾಲೆಗೆ ಹೊರಡುವ ಹೊತ್ತಿಗೆ ತಂದೆ ಗುಂಡಿ ಅದುಮಿ, ಬದುವಿನ ಮೇಲೆ ಕುಳಿತು ಎಲೆಯಡಿಕೆಯ ಚೀಲ ಬಿಚ್ಚುತ್ತಾನೆ. ನಡುಹಗಲಿಗೆ ಮಡಿ ತುಂಬಿದ್ದು ಅವನ ಕಣ್ಣಿಗೇ ಕಾಣುತ್ತದೆ. ಎದ್ದು ಹೋಗಿ ಮೋಟಾರು ನಿಲ್ಲಿಸುತ್ತಾನೆ.